ಒಬ್ಬರೇ ಕಾರಿನಲ್ಲಿ ಬರುವ ಸಹೋದ್ಯೋಗಿಗಳನ್ನು ಮೆಟ್ರೊ, ಬಸ್ಸಿನತ್ತ ತರುವುದು ಹೇಗೆ?

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ನಮ್ಮ ಕಚೇರಿಗೆ ಹಳದಿ ಮಾರ್ಗದ ಮೆಟ್ರೊ ಹತ್ತಿರವಾದ ಮೇಲೂ ಬಹಳಷ್ಟು ಜನ ಕಾರಿನಲ್ಲಿ ಒಬ್ಬೊಬ್ಬರೇ ಬರುತ್ತಿದ್ದಾರೆ. ನಿಮ್ಮಲ್ಲಿ ಯಾವ ಉಪಾಯ ಫಲ ಕೊಟ್ಟಿದೆ, ದಯವಿಟ್ಟು ತಿಳಿಸಿ.

ಉತ್ತರ 1: ನಮ್ಮ ಕಚೇರಿಯೂ ಅಲ್ಲೇ ಇರುವುದರಿಂದ, ಆಡಳಿತ ವಿಭಾಗದಲ್ಲಿದ್ದುಕೊಂಡು ಕಂಡದ್ದನ್ನು ಬರೆಯುತ್ತಿದ್ದೇನೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಮಾರ್ಗ ಆರಂಭವಾದಾಗ ಮೂರೇ ರೈಲುಗಳಿದ್ದು, 25 ನಿಮಿಷಕ್ಕೊಂದರಂತೆ ಓಡುತ್ತಿದ್ದವು. ನಿಲ್ದಾಣದಿಂದ ಕಚೇರಿಗೆ ಬರುವ ಗುತ್ತಿಗೆ ವ್ಯಾನು ಮಾತ್ರ ಅರ್ಧ ಗಂಟೆಯ ಲೆಕ್ಕದಲ್ಲಿ ಹೊರಡುತ್ತಿತ್ತು. ಸಿಲ್ಕ್ ಬೋರ್ಡಿನ ದಟ್ಟಣೆಯನ್ನು ಮೇಲಿಂದಲೇ ದಾಟಿ ಬಂದವರು, ಕೋನಪ್ಪನ ಅಗ್ರಹಾರದಲ್ಲಿ ಮೆಟ್ಟಿಲಿಳಿಯುವಷ್ಟರಲ್ಲಿ ವ್ಯಾನು ಹೊರಟುಹೋಗಿ, ಬಿಸಿಲಿನಲ್ಲಿ ನಿಂತು ಆಟೊದವರೊಡನೆ ಚೌಕಾಸಿ ಮಾಡಬೇಕಾದರೆ, ಮರುದಿನ ಕಾರು ತೆಗೆಯುವುದು ಸಹಜವೇ. ರೈಲು ಬಂದ ಮೇಲೆ ಐದು ನಿಮಿಷ ಕಾದೇ ವ್ಯಾನು ಹೊರಡಬೇಕೆಂದು ವೇಳಾಪಟ್ಟಿಯನ್ನು ಬದಲಿಸಿದ ನಂತರ ಅದು ತುಂಬಿ ಬರತೊಡಗಿತು. ಆದ್ದರಿಂದ ಭಿತ್ತಿಪತ್ರ, ಬಹುಮಾನಗಳಿಗೆ ಹಣ ಹಾಕುವ ಮೊದಲು ಆ ಕೊನೆಯ ಒಂದೆರಡು ಕಿಲೋಮೀಟರನ್ನು ನೀವೇ ಒಮ್ಮೆ ನಡೆದು ನೋಡಿ: ಪಾದಚಾರಿ ಮಾರ್ಗ ಎಲ್ಲಿ ಕಡಿದುಹೋಗಿದೆ, ರಸ್ತೆ ದಾಟುವುದು ಎಲ್ಲಿ ಅಪಾಯ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಉತ್ತರ 2: ಮೇಲಿನವರ ಮಾತು ನಿಜವೇ ಆದರೂ, ಕಾರು ನಿಲ್ಲಿಸುವ ಜಾಗ ಉಚಿತವಾಗಿರುವವರೆಗೆ ವ್ಯಾನೊಂದರಿಂದಲೇ ಹೆಚ್ಚಿನ ಬದಲಾವಣೆ ಆಗದು. ಸಂಸ್ಥೆ ನೆಲಮಾಳಿಗೆಗೆ ಬಾಡಿಗೆ ತೆತ್ತು ಕಾರಿನವರಿಗೆ ಸದ್ದಿಲ್ಲದೆ ಸಹಾಯಧನ ಕೊಡುತ್ತಿರುತ್ತದೆ; ಬಸ್ಸಿನಲ್ಲಿ ಬರುವವರಿಗೆ ಅಂಥದ್ದೇನೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬಾಡಿಗೆ ಜಾಗದಲ್ಲಿ ನೌಕರರಿಗೆ ಉಚಿತವಾಗಿ ಕಾರು ನಿಲ್ಲಿಸಲು ಬಿಡುವ ಕೆಲವು ಸಂಸ್ಥೆಗಳು, ಅದನ್ನು ಬೇಡವೆಂದವರಿಗೆ ಅಷ್ಟೇ ಮೊತ್ತವನ್ನು ನಗದಾಗಿ ಕೊಡಬೇಕೆಂಬ ಕಾನೂನು 1992ರಲ್ಲೇ ಬಂದಿತು. ನಮ್ಮ ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿದ ಮೇಲಂತೂ ಇಂಥ ಭತ್ಯೆ ಇಲ್ಲಿಗೂ ಅಗತ್ಯವೆಂದು ನಾನು ಖಂಡಿತವಾಗಿ ನಂಬಿದ್ದೇನೆ.

ಉತ್ತರ 3: ಮಹಿಳೆಯರನ್ನು ಪ್ರತ್ಯೇಕವಾಗಿ ಕೇಳಿ. ಶಕ್ತಿ ಯೋಜನೆಯಡಿ ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತವಾಗಿದ್ದರೂ, ನಮ್ಮ ತಂಡದಲ್ಲಿ ಹಲವರು ಕಾರನ್ನೇ ನೆಚ್ಚಿಕೊಂಡಿದ್ದರು. ಬೆಳಗ್ಗೆ ಬರುವುದು ಅವರಿಗೆ ಕಷ್ಟವಾಗಿರಲಿಲ್ಲ. ಸಭೆ ಎಳೆದು ರಾತ್ರಿಯಾದರೆ, ಅಥವಾ ಮಗುವಿಗೆ ಜ್ವರವೆಂದು ಶಾಲೆಯಿಂದ ಕರೆ ಬಂದರೆ ಏನು ಗತಿ ಎಂಬ ಚಿಂತೆಯೇ ಕಾರಣವಾಗಿತ್ತು. ಅಂಥ ದಿನ ಟ್ಯಾಕ್ಸಿಯ ಖರ್ಚನ್ನು ಮೇಲಧಿಕಾರಿಯ ಒಪ್ಪಿಗೆಗೆ ಕಾಯದೆ ಸಂಸ್ಥೆ ಭರಿಸುತ್ತದೆ ಎಂದು ಲಿಖಿತವಾಗಿ ತಿಳಿಸಿದೆವು. ಅದನ್ನು ಬಳಸಿದವರು ಕಡಿಮೆ. ಅದಿದೆಯೆಂಬ ಧೈರ್ಯದಿಂದ ಬಸ್ಸು ಹತ್ತಿದವರು ಹೆಚ್ಚು.