ಮೂರು ಡ್ರ್ಯಾಗನ್‌ಗಳ ಚೀನೀ ಅಕ್ಷರ: ಉಚ್ಚಾರ, ಅರ್ಥ?

ಪ್ರಶ್ನೆ: ಮೇಲೊಂದು, ಕೆಳಗೆರಡು ಡ್ರ್ಯಾಗನ್ ಇರುವ ಅಕ್ಷರವನ್ನು ಓದುವುದು ಹೇಗೆ? ಪಿನ್‌ಯಿನ್ (ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ) ನೋಡಿದರೆ ‘ದಾ’ ಅನ್ನಿಸುತ್ತದೆ. ಟೈಪ್ ಮಾಡಲು ಹೋದರೆ ಪಟ್ಟಿಯಲ್ಲಿ ಸಿಗುತ್ತಿಲ್ಲ.

ಉತ್ತರ 1: ‘ದಾ’ ಅಲ್ಲ, ‘ತಾ’. ಪಿನ್‌ಯಿನ್‌ನ ಡಿ ಘೋಷಾಕ್ಷರವಲ್ಲ. ಅಲ್ಪಪ್ರಾಣ ತಕಾರಕ್ಕೆ ಹತ್ತಿರ. ಟಿ ಬಂದರೆ ಮಹಾಪ್ರಾಣ. ಕನ್ನಡಿಗರಿಗೆ ಇದು ಸುಲಭ, ಬರಹ ನೋಡಿ ಮೋಸಹೋಗಬಾರದು ಅಷ್ಟೇ. ಎರಡನೆಯ ಸ್ವರಭೇದ: ಅಚ್ಚರಿಯಿಂದ ‘ಹಾಂ?’ ಎಂದು ಕೇಳುವಾಗಿನಂತೆ ದನಿ ಏರಬೇಕು. ಅರ್ಥ, ಡ್ರ್ಯಾಗನ್ ಹಾರುವ ಭಂಗಿ. 2024ರ ಡ್ರ್ಯಾಗನ್ ವರ್ಷಕ್ಕೆ ಚೀನಾದ ಸರ್ಕಾರಿ ಟಿವಿಯ ವಸಂತೋತ್ಸವ ಕಾರ್ಯಕ್ರಮದ ಘೋಷವಾಕ್ಯದಲ್ಲಿ ಜೋಡಿಯಾಗಿ ಬಂದಿತ್ತು.

ಉತ್ತರ 2: ಟೈಪಿಂಗ್‌ಗೆ: ವಿಂಡೋಸ್‌ನ ವರ್ಡ್‌ನಲ್ಲಿ ಈ ಅಕ್ಷರದ ಯೂನಿಕೋಡ್ ಸಂಕೇತ 9F98 ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಹಳೆಯ ರೂಪದ ಡ್ರ್ಯಾಗನ್‌ಗೆ 16 ಗೆರೆ, ಹಾಗಾಗಿ ಇದಕ್ಕೆ 48. ಸಣ್ಣ ಫಾಂಟ್‌ನಲ್ಲಿ ಬರೀ ಕಪ್ಪು ಮಚ್ಚೆ!

ಉತ್ತರ 3: ನಾಲ್ಕು ಡ್ರ್ಯಾಗನ್‌ನದು ಬೇರೆಯೇ ಅಕ್ಷರ, 64 ಗೆರೆ, ಅರ್ಥ ‘ವಾಚಾಳಿತನ’. ಅದರ ಸಂಕೇತ 2A6A5. ವಿಸ್ತೃತ ಫಾಂಟ್ ಇಲ್ಲದಿದ್ದರೆ ಖಾಲಿ ಚೌಕ ಕಾಣುತ್ತದೆ.