ಅಪ್‌ಡೇಟ್: ಹ್ಯಾರಿ ಪಾಟರ್ ಕೊನೆಯ ಪುಸ್ತಕ ಓದಿ ಮುಗಿಸಿದೆ

(ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ, ಕಥೆ ಗೊತ್ತಾಗಿಬಿಡುತ್ತದೆ.)

ಏಳನೇ ಪುಸ್ತಕಕ್ಕೆ ಕೈ ಹಾಕುವ ಮೊದಲು ಹಳೆಯದನ್ನೆಲ್ಲ ಮತ್ತೆ ಓದಬೇಕಾ ಅಂತ ಕೇಳಿದ್ದೆ. ಐದು, ಆರು ಸಾಕು ಅಂದಿದ್ದಿರಿ. ಹಾಗೇ ಮಾಡಿದೆ, ತುಂಬಾ ಥ್ಯಾಂಕ್ಸ್! ಐದರಲ್ಲಿ ಹ್ಯಾರಿಯ ಗಾಡ್‌ಫಾದರ್ ಸಿರಿಯಸ್‌ನ ಮನೆ ಕ್ಲೀನ್ ಮಾಡುವಾಗ ಯಾರಿಂದಲೂ ತೆರೆಯಲಾಗದ ಒಂದು ಲಾಕೆಟ್ ಸುಮ್ನೆ ಬಂದು ಹೋಗುತ್ತದೆ. ಏಳರಲ್ಲಿ ಅದಕ್ಕಾಗಿಯೇ ಅಲೆದಾಟ! ಮೈ ಜುಮ್ಮೆಂದಿತು.

ಕಾಡಿನ ಟೆಂಟ್ ಭಾಗ ಜಾಸ್ತಿ ಎಳೆದಿದ್ದಾರೆ ಅಂತ ಕೆಲವರು ಹೇಳಿದ್ದಿರಿ. ನನಗೆ ಹಾಗನಿಸಲಿಲ್ಲ. ಹ್ಯಾರಿಯ ಆಪ್ತ ಗೆಳೆಯ ರಾನ್ ಬಿಟ್ಟು ಹೋಗುವ ನೋವು ತಟ್ಟಬೇಕಾದರೆ ಅಷ್ಟು ನಿಧಾನ ಬೇಕೇ ಬೇಕು. ಸತ್ತುಹೋದ ಪುಟ್ಟ ಎಲ್ಫ್ ಡಾಬಿಗಾಗಿ ಹ್ಯಾರಿ ಮಂತ್ರ ಬಿಟ್ಟು ಸನಿಕೆ ಹಿಡಿದು ಗುಂಡಿ ತೋಡುವಾಗ ಅತ್ತುಬಿಟ್ಟೆ.

19 ವರ್ಷಗಳ ನಂತರದ ಕೊನೆಯ ಭಾಗ ಮಾತ್ರ ಹಿಡಿಸಲಿಲ್ಲ. ಯುದ್ಧ ಮುಗಿದ ಬೆಳಗ್ಗೆಗೇ ನಿಲ್ಲಿಸಬಹುದಿತ್ತು, ಅಲ್ವಾ?