ವಾರಂಟಿಯಲ್ಲಿರುವ ಟಿ.ವಿ. ಕೆಟ್ಟಿದೆ, ಕಂಪನಿಯವರು ಒಪ್ಪುತ್ತಿಲ್ಲ: ಅನುಭವ ಇದ್ದವರು ತಿಳಿಸಿರಿ

ಪ್ರಶ್ನೆ, ಕುಷ್ಟಗಿಯಿಂದ:

ಕಳೆದ ದೀಪಾವಳಿಗೆ ಕೊಪ್ಪಳದ ಅಂಗಡಿಯೊಂದರಲ್ಲಿ 43 ಇಂಚಿನ ಎಲ್‌ಇಡಿ ಟಿ.ವಿ.ಯನ್ನು ಕಂತಿನ ಮೇಲೆ ಕೊಂಡೆವು. ಒಂದು ವರ್ಷದ ವಾರಂಟಿ ಇದೆ. ಬೇಸಿಗೆಯಲ್ಲಿ ಪರದೆಯ ಬಲಭಾಗದಲ್ಲಿ ಮೇಲಿಂದ ಕೆಳಗೆ ಗೆರೆಗಳು ಕಾಣಿಸಿಕೊಂಡು, ಈಗ ಅರ್ಧ ಚಿತ್ರವೇ ಕಾಣುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿನಿಂದ ಬಂದ ಹುಡುಗ ಎರಡು ಫೋಟೊ ತೆಗೆದುಕೊಂಡು, "ವೋಲ್ಟೇಜ್ ಹೆಚ್ಚುಕಡಿಮೆ ಆಗಿ ಪ್ಯಾನೆಲ್ ಹೋಗಿದೆ, ವಾರಂಟಿಗೆ ಬರುವುದಿಲ್ಲ" ಎಂದು ಹೇಳಿ ಹೊರಟುಹೋದ. ಹೊಸ ಪ್ಯಾನೆಲ್‌ಗೆ ಅವರು ಹೇಳುವ ದರಕ್ಕೆ ಸ್ವಲ್ಪ ಸೇರಿಸಿದರೆ ಹೊಸ ಟಿ.ವಿ.ಯೇ ಬರುತ್ತದೆ. ಅಂಗಡಿಯವರು ಕಂಪನಿಯನ್ನು ಕೇಳಿರಿ ಎನ್ನುತ್ತಾರೆ. ಬಿಲ್ ನಮ್ಮ ಯಜಮಾನರ ಹೆಸರಿನಲ್ಲಿದೆ, ಅವರು ದುಡಿಮೆಗಾಗಿ ಹೊರಗಿದ್ದಾರೆ. ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಬಿದ್ದಿಲ್ಲ. ಕಂತು ಕಟ್ಟುವುದನ್ನು ನಿಲ್ಲಿಸಬಹುದೇ?

ಉತ್ತರ, ರಾಯಚೂರಿನಿಂದ:

ಅಕ್ಕಾವರೆ, ಕಂತನ್ನು ಮಾತ್ರ ನಿಲ್ಲಿಸಬೇಡಿ. ಸಾಲದ ಕರಾರು ಫೈನಾನ್ಸಿನವರ ಜೊತೆಗಿನದು, ಟಿ.ವಿ. ಕೆಟ್ಟಿತೆಂದು ಅದನ್ನು ತಪ್ಪಿಸಿದರೆ ದಂಡ ಬೀಳುತ್ತದೆ, ಸಾಲ ಸರಿಯಾಗಿ ತೀರಿಸುತ್ತೀರೋ ಎಂದು ಬ್ಯಾಂಕಿನವರು ನೋಡುವ ಸಿಬಿಲ್ ಅಂಕವೂ ಕೆಡುತ್ತದೆ, ಕಂಪನಿಗೆ ಏನೂ ಆಗುವುದಿಲ್ಲ.

ನಮ್ಮ ಮನೆಯ ಫ್ರಿಜ್ಜಿನ ಕಂಪ್ರೆಸರ್ ವಾರಂಟಿಯೊಳಗೇ ನಿಂತಾಗ ನಮಗೂ ಇದೇ ವೋಲ್ಟೇಜಿನ ಮಾತು ಬಂದಿತ್ತು. ಆ ಅನುಭವದಿಂದ ಹೇಳುವುದಾದರೆ, ಇಂಥ ವ್ಯಾಜ್ಯದಲ್ಲಿ ಎಲ್ಲವೂ ನಿಂತಿರುವುದು ಮೊದಲ ಭೇಟಿಯ ಜಾಬ್ ಶೀಟಿನ ಮೇಲೆ, ಅಂದರೆ ತಂತ್ರಜ್ಞರು ನೋಡಿದ್ದನ್ನು, ಮಾಡಿದ್ದನ್ನು ಬರೆದುಕೊಡುವ ಹಾಳೆಯ ಮೇಲೆ. ಬಾಯಿಂದ "ಬರುವುದಿಲ್ಲ" ಎಂದವರು ಅದನ್ನೇ ಬರೆದುಕೊಡುವಾಗ ಬಹಳ ಸಲ ಹಿಂಜರಿಯುತ್ತಾರೆ, ಏಕೆಂದರೆ ಬರೆದ ಮೇಲೆ ಅದನ್ನು ಸಾಬೀತುಪಡಿಸುವ ಹೊಣೆ ಅವರ ತಲೆಯ ಮೇಲೆ ಬರುತ್ತದೆ. ಆದ್ದರಿಂದ ಮತ್ತೆ ದೂರು ದಾಖಲಿಸಿ, ದೂರಿನ ಸಂಖ್ಯೆಯ ಸಂದೇಶವನ್ನು ಅಳಿಸದೆ ಇಟ್ಟುಕೊಂಡು, ತಂತ್ರಜ್ಞರು ಬಂದಾಗ ಯಾವ ಭಾಗ ಹೋಗಿದೆ, ಎಷ್ಟು ವೋಲ್ಟೇಜ್ ಅಳೆದರು, ವಾರಂಟಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸುತ್ತಿದ್ದಾರೆ ಎಂಬುದನ್ನು ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ಖಾಲಿ ಕಾಗದಕ್ಕಾಗಲಿ, "ಗ್ರಾಹಕರಿಗೆ ಸಮಾಧಾನವಾಗಿದೆ" ಎಂದು ಮೊದಲೇ ಅಚ್ಚಾಗಿರುವ ಜಾಗಕ್ಕಾಗಲಿ ಸಹಿ ಹಾಕಬೇಡಿ. ದೂರು ಮುಗಿಸಲು ಓಟಿಪಿ ಕೇಳುವ ರೂಢಿಯೂ ಈಗ ಇದೆ. ಕೆಲಸವಾಗದೆ ಅದನ್ನು ಕೊಟ್ಟರೆ ಅವರ ದಾಖಲೆಯಲ್ಲಿ ನಿಮ್ಮ ಟಿ.ವಿ. ರಿಪೇರಿಯಾಗಿಬಿಡುತ್ತದೆ!

ಬರೆದುಕೊಡದಿದ್ದರೆ ನೀವೇ ಬರೆಯಿರಿ. ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಕಳಿಸಿ, ಅದರ ಪ್ರತಿಯನ್ನು ಕಂಪನಿಗೂ ಅಂಗಡಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ವಿವರದ ಪ್ರಿಂಟ್ ತೆಗೆದಿಡಿ. ಬಿಲ್ಲಿನ ದಿನಾಂಕ, ಮಾದರಿ, ಸೀರಿಯಲ್ ಸಂಖ್ಯೆ, ಗೆರೆಗಳು ಮೊದಲು ಕಂಡ ದಿನ, ಬಂದವರು ಹೇಳಿದ ಮಾತು, ಇಂಥ ದಿನದೊಳಗೆ ಉಚಿತವಾಗಿ ಸರಿಪಡಿಸಿರಿ ಇಲ್ಲವೇ ಬದಲಿಸಿರಿ ಎಂಬ ಬೇಡಿಕೆ, ಇಷ್ಟಿದ್ದರೆ ಸಾಕು. ಇದೆಲ್ಲವೂ ವಾರಂಟಿ ಮುಗಿಯುವ ಮುನ್ನವೇ ಆಗಬೇಕು. ರಿಪೇರಿಯ ನೆಪದಲ್ಲಿ ದಿನ ದೂಡುತ್ತಾ ಹೋಗಿ, ಕೊನೆಗೆ ಅವಧಿ ಮುಗಿಯಿತೆಂದು ಹೇಳಿದಾಗ ಅವಧಿಯೊಳಗೆ ದಾಖಲಾದ ದೂರೇ ಕೈಹಿಡಿಯುತ್ತದೆ.

ಮುದ್ರೆಯ ವಿಷಯಕ್ಕೆ ಹೆದರಬೇಕಾಗಿಲ್ಲ. ಸೀರಿಯಲ್ ಸಂಖ್ಯೆ ಇರುವ ಜಿಎಸ್‌ಟಿ ಬಿಲ್ಲೇ ಖರೀದಿಯ ಬಲವಾದ ಪುರಾವೆ, ಕಂಪನಿಗಳು ಸಾಮಾನ್ಯವಾಗಿ ಅದನ್ನೇ ಒಪ್ಪುತ್ತವೆ. ಬಿಲ್ ಯಜಮಾನರ ಹೆಸರಿನಲ್ಲಿದ್ದರೂ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರೇ. ಅವರಿಂದ ಒಂದು ಒಪ್ಪಿಗೆ ಪತ್ರ ತರಿಸಿಟ್ಟುಕೊಂಡರೆ ಮುಂದೆ ತಕರಾರು ಬರುವುದಿಲ್ಲ.

ಉತ್ತರ, ಬಳ್ಳಾರಿಯಿಂದ:

ನಾನು ಬಹಳ ಕಾಲದಿಂದ ಟಿ.ವಿ. ರಿಪೇರಿಯ ಕೆಲಸದಲ್ಲಿದ್ದೇನೆ, ಆದ್ದರಿಂದ ತಾಂತ್ರಿಕ ಭಾಗವನ್ನಷ್ಟೇ ಹೇಳುತ್ತೇನೆ. ನಿಮ್ಮ ಟಿ.ವಿ.ಯ ಹಿಂಬದಿಯ ಚೀಟಿಯನ್ನು ಒಮ್ಮೆ ಓದಿರಿ. ಈಗಿನ ಬಹುತೇಕ ಎಲ್‌ಇಡಿ ಟಿ.ವಿ.ಗಳ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ಅಂದರೆ ವೋಲ್ಟೇಜ್ ಸಾಕಷ್ಟು ಕುಸಿದರೂ ಒಳಗಿನ ಪವರ್ ಬೋರ್ಡ್ ಅದನ್ನು ತಾಳಿಕೊಳ್ಳುವಂತೆ ಮಾಡಿರುತ್ತಾರೆ. ನಮ್ಮ ಕಡೆ ಜೆಸ್ಕಾಂ ಲೈನಿನಲ್ಲಿ ಸಂಜೆ ಹೊತ್ತು ವೋಲ್ಟೇಜ್ ಇಳಿಯುವುದು ಹೊಸದಲ್ಲ. ಒಂದು ವೇಳೆ ಅತಿ ಹೆಚ್ಚು ವೋಲ್ಟೇಜ್ ಬಂದರೂ ಸಾಮಾನ್ಯವಾಗಿ ಮೊದಲು ಫ್ಯೂಸ್, ಅದರ ಪಕ್ಕದಲ್ಲಿ ಹೆಚ್ಚು ವೋಲ್ಟೇಜ್ ತಡೆಯಲೆಂದು ಹಾಕಿರುವ ವೇರಿಸ್ಟರ್ ಎಂಬ ಬಿಡಿಭಾಗ, ಪವರ್ ಬೋರ್ಡ್ ಸುಡುತ್ತವೆ, ಟಿ.ವಿ. ಪೂರ್ತಿ ನಿಲ್ಲುತ್ತದೆ. ಧ್ವನಿ ಚೆನ್ನಾಗಿ ಬರುತ್ತಾ, ಉಳಿದರ್ಧ ಚಿತ್ರ ಸರಿಯಾಗಿದ್ದು, ಒಂದು ಬದಿಯಲ್ಲಿ ಮಾತ್ರ ನೆಟ್ಟನೆಯ ಗೆರೆಗಳಿದ್ದರೆ, ಪ್ಯಾನೆಲ್‌ನ ಅಂಚಿಗೆ ಅಂಟಿಸಿರುವ ತೆಳುವಾದ ಪಟ್ಟಿಗಳ ಬೆಸುಗೆ ಬಿಟ್ಟಿರುವ ಸಂಭವವೇ ಹೆಚ್ಚು. ಬಿಸಿಲಿಗೆ ಗೋಡೆಯೇ ಕಾಯುವ ನಮ್ಮ ಊರುಗಳಲ್ಲಿ ಇದನ್ನು ಬಹಳ ನೋಡುತ್ತೇವೆ.

ಮುಂದಿನ ಸಲ ಬಂದವರು ವೋಲ್ಟೇಜ್ ಬಿಟ್ಟು "ಪೆಟ್ಟು ಬಿದ್ದಿದೆ" ಎನ್ನಲೂಬಹುದು. ಪೆಟ್ಟು ಬಿದ್ದ ಪರದೆಯಲ್ಲಿ ಒಂದು ಬಿಂದುವಿನಿಂದ ಜೇಡರ ಬಲೆಯಂತೆ ಬಿರುಕು ಹರಡಿರುತ್ತದೆ. ಆದ್ದರಿಂದ ಟಿ.ವಿ. ಹಚ್ಚಿದಾಗಲೂ ಆರಿಸಿದಾಗಲೂ, ಪಕ್ಕದಿಂದ ಬೆಳಕು ಬಿಟ್ಟು, ನಾಲ್ಕೂ ಮೂಲೆ ಕಾಣುವಂತೆ ಈಗಲೇ ಫೋಟೊ, ವಿಡಿಯೊ ತೆಗೆದಿಡಿ. ಸೀರಿಯಲ್ ಸಂಖ್ಯೆಯ ಚೀಟಿಯೂ ಅದೇ ವಿಡಿಯೊದಲ್ಲಿ ಕಾಣಲಿ. ನಮ್ಮಂಥ ಹೊರಗಿನ ರಿಪೇರಿಯವರ ಕೈಯಲ್ಲಿ ಹಿಂಬದಿಯನ್ನು ಮಾತ್ರ ಬಿಚ್ಚಿಸಬೇಡಿ. ಬಿಚ್ಚಿದ ಗುರುತು ಕಂಡರೆ ಅದನ್ನೇ ಹಿಡಿದುಕೊಂಡು ವಾರಂಟಿ ಇಲ್ಲ ಎನ್ನುತ್ತಾರೆ.

ಉತ್ತರ, ಸಿಂಧನೂರಿನಿಂದ:

ಅಂಗಡಿ ನಡೆಸುವವನಾಗಿ ಒಂದು ಮಾತು. ಕಂಪನಿಯ ಒಪ್ಪಿಗೆಯಿಲ್ಲದೆ ನಾವು ಟಿ.ವಿ. ಬದಲಿಸಿಕೊಟ್ಟರೆ ಆ ನಷ್ಟ ನಮ್ಮದೇ ಆಗುತ್ತದೆ, ಹಾಗಾಗಿ ಎಲ್ಲ ಅಂಗಡಿಯವರೂ ಮೋಸಗಾರರಲ್ಲ. ಆದರೂ ದೂರನ್ನು ಕಂಪನಿಯ ಪ್ರತಿನಿಧಿಗೆ ಮುಟ್ಟಿಸುವುದು ನಮ್ಮಿಂದ ಆಗುವ ಕೆಲಸ, ಗ್ರಾಹಕರು ಲಿಖಿತವಾಗಿ ಕೊಟ್ಟಾಗ ಅದು ಬೇಗ ಆಗುತ್ತದೆ. "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿದ ಮಾತ್ರಕ್ಕೆ ದೋಷವಿರುವ ವಸ್ತುವಿನ ಮೇಲಿನ ಕಾನೂನಿನ ಹಕ್ಕು ಹೋಗುವುದಿಲ್ಲ.

ಉತ್ತರ, ಕೊಪ್ಪಳದಿಂದ:

ಮೇಲಿನವರು ಹೇಳಿದಂತೆ ಪತ್ರ ಬರೆದೂ ಉತ್ತರ ಬಾರದಿದ್ದರೆ, 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿರಿ; ಕನ್ನಡದಲ್ಲಿ ಮಾತನಾಡಬಹುದು. ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ ಅಷ್ಟೆ. ನನ್ನ ವಾಷಿಂಗ್ ಮಷೀನಿನ ದೂರು ಆ ಹಂತದಲ್ಲೇ ಬಗೆಹರಿಯಿತು.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ಇದೆ. ಕಂಪನಿಯ ಕಚೇರಿ ದೆಹಲಿಯಲ್ಲಿರಲಿ, ಮುಂಬೈಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆಯಿಂದ ಆದ ದೊಡ್ಡ ಅನುಕೂಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಕಂಪನಿ, ಸರ್ವಿಸ್ ಸೆಂಟರ್, ಅಂಗಡಿ ಮೂವರನ್ನೂ ಎದುರುದಾರರನ್ನಾಗಿ ಮಾಡಿರಿ. ಇಲ್ಲದಿದ್ದರೆ ಬಂದವರು ಬಾರದವರ ಮೇಲೆ ಹಾಕಿ ನುಣುಚಿಕೊಳ್ಳುತ್ತಾರೆ. ಪರೀಕ್ಷೆಯಿಲ್ಲದೆ ದೋಷ ತಿಳಿಯುವಂತಿಲ್ಲ ಎನಿಸಿದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಕಾಯ್ದೆಯಲ್ಲಿ ಎದುರುದಾರರಿಗೆ ನೋಟಿಸು ಮುಟ್ಟಿದ ಮೇಲೆ 3 ತಿಂಗಳು, ಪರೀಕ್ಷೆ ಬೇಕಾದರೆ 5 ತಿಂಗಳು ಎಂಬ ಗಡುವಿದ್ದರೂ, ನಡೆಯುವುದು ಅದಕ್ಕಿಂತ ನಿಧಾನವಾಗಿಯೇ. ದೋಷ ಸಾಬೀತಾದರೆ ರಿಪೇರಿ, ಬದಲಿ ವಸ್ತು, ಬಡ್ಡಿಸಹಿತ ಹಣ ವಾಪಸು, ಪರಿಹಾರ ಇವುಗಳಲ್ಲಿ ಯಾವುದನ್ನಾದರೂ ಆದೇಶಿಸಬಹುದು. ಆದರೆ ಒಂದು ಟಿ.ವಿ.ಗೆ ಲಕ್ಷಗಟ್ಟಲೆ ಮಾನಸಿಕ ವೇದನೆಯ ಪರಿಹಾರ ಕೇಳಿ ದೂರನ್ನು ಹಗುರ ಮಾಡಿಕೊಳ್ಳಬೇಡಿ.

ಉತ್ತರ, ಗಂಗಾವತಿಯಿಂದ:

ನನ್ನದು ಝೆರಾಕ್ಸ್ ಅಂಗಡಿ. ಪ್ರಿಂಟರ್ ಕೆಟ್ಟಾಗ, ವ್ಯಾಪಾರಕ್ಕೆ ಕೊಂಡಿದ್ದರಿಂದ ನೀವು ಗ್ರಾಹಕರೇ ಅಲ್ಲ ಎಂದು ನನಗೆ ಹೇಳಿದ್ದರು. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡು ತಾವೇ ಬಳಸುವ ವಸ್ತುವಿಗೆ ಕಾಯ್ದೆಯ ರಕ್ಷಣೆ ಇದೆ ಎಂದು ಲಿಖಿತವಾಗಿ ಉತ್ತರಿಸಿದ ಮೇಲೆ ಆ ಮಾತು ನಿಂತಿತು. ಆದರೆ ಕಂಪನಿಯ ವಾರಂಟಿ ಷರತ್ತು ಬೇರೆ: ಮನೆಬಳಕೆಗೆ ಮಾತ್ರ ಎಂದಿದ್ದರೆ, ಖಾನಾವಳಿಯಲ್ಲೋ ಲಾಡ್ಜಿನಲ್ಲೋ ಹಾಕಿದ ಟಿ.ವಿ.ಗೆ ಅವರು ತಕರಾರು ತೆಗೆಯುತ್ತಾರೆ. ಕುಷ್ಟಗಿಯ ಅಕ್ಕಾವರ ಟಿ.ವಿ. ಮನೆಯಲ್ಲೇ ಇರುವುದರಿಂದ ಆ ಚಿಂತೆಯಿಲ್ಲ. ಖರೀದಿಯ ದಿನ ಅಂಗಡಿಯವರು ಹೆಚ್ಚುವರಿ ವಾರಂಟಿ ಎಂದು ಬೇರೆ ಹಣ ತೆಗೆದುಕೊಂಡಿದ್ದರೆ ಆ ರಸೀದಿಯನ್ನೂ ಹುಡುಕಿರಿ. ಎಷ್ಟೋ ಸಲ ಅದನ್ನು ಕೊಡುವುದು ಟಿ.ವಿ. ಕಂಪನಿಯಲ್ಲ, ಬೇರೆಯೇ ಸಂಸ್ಥೆ, ಅದರ ದೂರಿನ ದಾರಿಯೂ ಬೇರೆ.